ಹಳೆ ಕಾರಿನ ಎಮಿಷನ್ ಟೆಸ್ಟ್: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಒಂದು ಸಮಗ್ರ ಮಾರ್ಗದರ್ಶಿ

ಕಳೆದ ನವೆಂಬರಿನಲ್ಲಿ ನಮ್ಮ ಮನೆಯ 2007ರ ಪೆಟ್ರೋಲ್ ಕಾರು ಎಮಿಷನ್ ಟೆಸ್ಟಿನಲ್ಲಿ ಫೇಲಾಯಿತು. ಹುಲೇಕಲ್ ಕಡೆಯಿಂದ ಸಿರ್ಸಿ ಪೇಟೆಗೆ ಬಂದು ಸರದಿಯಲ್ಲಿ ನಿಂತು ಪೈಪ್ ಹಾಕಿಸಿದರೆ ಸಿಒ, ಅಂದರೆ ಕಾರ್ಬನ್ ಮೊನಾಕ್ಸೈಡ್, ಶೇ. 1.8 ಎಂದು ಬಂತು. ಆ ಕಾರಿಗೆ ಇರುವ ಮಿತಿ 0.5. ಕೇಂದ್ರದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಹೆಗಡೇರೇ, ತಲೆಬಿಸಿ ಮಾಡ್ಕೋಬೇಡಿ. ಪಕ್ಕದ ಗಾಡಿಗೆ ಪೈಪ್ ಇಟ್ಟು ನಿಮ್ಮ ನಂಬರಿಗೆ ಸರ್ಟಿಫಿಕೇಟ್ ತೆಗೆದುಕೊಡ್ತೇನೆ."

ಬೇಡ ಎಂದೆ. ಕೆಲವು ತಿಂಗಳಿಂದ ಮೈಲೇಜ್ ಇಳಿದಿತ್ತು, ಕಾರಣ ಯಾರಿಗೂ ಗೊತ್ತಾಗಿರಲಿಲ್ಲ. ಆ 1.8 ಎಂಬ ಅಂಕಿ ಅದನ್ನೇ ಹೇಳುತ್ತಿತ್ತು. ಬೇರೆ ಗಾಡಿಯ ಹೊಗೆಯನ್ನು ನಮ್ಮ ಗಾಡಿಯದೆಂದು ಬರೆಸಿಕೊಳ್ಳುವುದು, ಪಕ್ಕದ ಮನೆಯವರ ರಕ್ತ ಕೊಟ್ಟು ನಮ್ಮ ಶುಗರ್ ರಿಪೋರ್ಟ್ ಪಡೆದಂತೆ. ಮುಂದೆ ಬರೆದಿರುವುದೆಲ್ಲ ಟೆಸ್ಟ್ ಚೀಟಿಯ ಅಂಕಿಗಳನ್ನು ನಂಬಿ, ಅವು ತೋರಿಸುವ ದಾರಿಯಲ್ಲೇ ಗಾಡಿಯನ್ನು ಸರಿಮಾಡಿಕೊಳ್ಳುವ ಕ್ರಮ.

ಮೊದಲು ನಿಮ್ಮ ಕಾರಿನ ಮಿತಿ ತಿಳಿದುಕೊಳ್ಳಿ

ಎಲ್ಲ ಕಾರಿಗೂ ಒಂದೇ ಅಳತೆಗೋಲು ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ, ಕಾರು ತಯಾರಾದಾಗ ಯಾವ ಭಾರತ್ ಸ್ಟೇಜ್ (ಹೊಗೆಯ ಮಿತಿ ಹೇಳುವ ಸರ್ಕಾರಿ ಮಾನದಂಡ) ಜಾರಿಯಲ್ಲಿತ್ತೋ ಅದರ ಮೇಲೆ ಮಿತಿ ನಿಲ್ಲುತ್ತದೆ. ದೇಶಾದ್ಯಂತ ಭಾರತ್ ಸ್ಟೇಜ್ 2 ಬಂದದ್ದು 2005ರ ಏಪ್ರಿಲಿನಲ್ಲಿ, 3 ಬಂದದ್ದು 2010ರಲ್ಲಿ, 4 ಬಂದದ್ದು 2017ರಲ್ಲಿ, 6 ಬಂದದ್ದು 2020ರಲ್ಲಿ.

ಪೆಟ್ರೋಲ್ ಕಾರುಗಳಲ್ಲಿ ಸ್ಟೇಜ್ 2ಕ್ಕಿಂತ ಹಳೆಯವಕ್ಕೆ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಸಿಒ ಶೇ. 3 ಮತ್ತು ಉರಿಯದ ಪೆಟ್ರೋಲಿನ ಅಳತೆಯಾದ ಎಚ್‌ಸಿ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ವರೆಗೆ ಅವಕಾಶವಿದೆ. ಸ್ಟೇಜ್ 2 ಮತ್ತು 3ರ ಕಾರುಗಳಿಗೆ ಸಿಒ 0.5, ಎಚ್‌ಸಿ 750. ಸ್ಟೇಜ್ 4 ಮತ್ತು ಆಮೇಲಿನವಕ್ಕೆ ಸಿಒ 0.3, ಎಚ್‌ಸಿ 200. ಇವುಗಳಿಗೆ ಐಡ್ಲಿಂಗ್ ಜೊತೆಗೆ ಸುಮಾರು 2500 ಆರ್‌ಪಿಎಂನಲ್ಲಿ ಇನ್ನೊಂದು ಅಳತೆಯೂ ಇದೆ; ಅಲ್ಲಿ ಸಿಒ 0.2 ದಾಟಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) 0.97ರಿಂದ 1.03ರ ಒಳಗಿರಬೇಕು. ಡೀಸೆಲ್ಲಿಗೆ ಅಳೆಯುವುದು ಹೊಗೆಯ ದಟ್ಟಣೆ. ಸ್ಟೇಜ್ 4ಕ್ಕಿಂತ ಹಳೆಯ ಗಾಡಿಗಳಿಗೆ 2.45, ಸ್ಟೇಜ್ 4ಕ್ಕೆ 1.62.

ಸೆಕೆಂಡ್ ಹ್ಯಾಂಡ್ ಕೊಂಡವರು ಒಂದು ವಿಷಯ ಗಮನಿಸಬೇಕು. ಬೆಂಗಳೂರಿಗೆ ಸ್ಟೇಜ್ 2, 3, 4 ಮೂರೂ ನಮಗಿಂತ ಮೊದಲೇ ಬಂದಿದ್ದವು. ಸ್ಟೇಜ್ 2 ಅಲ್ಲಿ 2003ರಲ್ಲೇ, ಸ್ಟೇಜ್ 4 ಅಲ್ಲಿ 2010ರಲ್ಲೇ ಶುರುವಾಯಿತು. ಹಾಗಾಗಿ 2011ರಲ್ಲಿ ಬೆಂಗಳೂರಿನಲ್ಲಿ ಮಾರಾಟವಾದ ಕಾರು ಸ್ಟೇಜ್ 4 ಇರಬಹುದು. ಅದೇ ವರ್ಷ ಕೆಎ-31ರಲ್ಲೋ (ಸಿರ್ಸಿ) ಕೆಎ-30ರಲ್ಲೋ (ಕಾರವಾರ) ನೋಂದಣಿಯಾದ ಅದೇ ಮಾಡೆಲ್ ಸ್ಟೇಜ್ 3 ಇರಬಹುದು. ಆರ್‌ಸಿಯಲ್ಲಿ ಬರೆದಿದ್ದರೆ ಅದನ್ನೇ ನೋಡಿ. ಸರ್ಟಿಫಿಕೇಟಿನ ಅವಧಿಯೂ ಇದರ ಮೇಲೆಯೇ: ಸ್ಟೇಜ್ 4ರಿಂದ ಮುಂದಿನವಕ್ಕೆ ಒಂದು ವರ್ಷ, ಹಳೆಯವಕ್ಕೆ ಆರೇ ತಿಂಗಳು.

ಸರ್ಟಿಫಿಕೇಟ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಹೇಳುವ ಗರಿಷ್ಠ ದಂಡ 10,000 ರೂಪಾಯಿ. ಮೂರು ತಿಂಗಳ ಸಜೆ ಮತ್ತು ಲೈಸೆನ್ಸ್ ಅಮಾನತಿಗೂ ಅದರಲ್ಲಿ ಅವಕಾಶವಿದೆ.

ರಿಪೇರಿಗೆ ಮೊದಲು ರೀಡಿಂಗ್

ಹೆಚ್ಚಿನವರು ಇಲ್ಲಿ ತಪ್ಪುತ್ತಾರೆ. ಗಡುವು ಮುಗಿಯುವ ಹಿಂದಿನ ದಿನ ಗ್ಯಾರೇಜಿಗೆ ಹೋಗಿ "ಎಮಿಷನ್‌ಗೆ ಬೇಕು, ಟ್ಯೂನಿಂಗ್ ಮಾಡಿಕೊಡಿ" ಎನ್ನುತ್ತಾರೆ. ಏನು ಕೆಟ್ಟಿದೆ ಎಂದು ಗೊತ್ತಿಲ್ಲದೆ ಮೆಕ್ಯಾನಿಕ್ ಪ್ಲಗ್ ಬದಲಿಸುತ್ತಾನೆ, ಏನೋ ಒಂದು ಸ್ಕ್ರೂ ತಿರುಗಿಸುತ್ತಾನೆ. ದುಡ್ಡು ಹೋಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ.

ಹಳೆಯ ಸರ್ಟಿಫಿಕೇಟ್ ಮುಗಿಯಲು ಮೂರು ನಾಲ್ಕು ವಾರ ಇರುವಾಗಲೇ ಕೇಂದ್ರಕ್ಕೆ ಹೋಗಿ. ಪಾಸಾದರೆ ಅಲ್ಲಿಗೆ ಮುಗಿಯಿತು. ಫೇಲಾದರೆ ಅಂಕಿಗಳಿರುವ ಚೀಟಿ ಕೇಳಿ ಪಡೆಯಿರಿ, ಇಲ್ಲವೇ ಯಂತ್ರದ ಪರದೆಯ ಫೋಟೋ ತೆಗೆದುಕೊಳ್ಳಿ. ಮೆಕ್ಯಾನಿಕ್ ಮುಂದೆ ಇಡಬೇಕಾದದ್ದು ಅದನ್ನೇ.

ಅಂಕಿಗಳನ್ನು ಓದುವುದು ಬಚ್ಚಲೊಲೆಯ ಉರಿ ನೋಡಿದಷ್ಟೇ ಸುಲಭ. ಒಲೆಗೆ ಕಟ್ಟಿಗೆ ತುರುಕಿ ಗಾಳಿ ಆಡದಂತೆ ಮಾಡಿದರೆ ಬೆಂಕಿ ಇದ್ದರೂ ಅರೆಬರೆ ಉರಿಯುತ್ತದೆ. ಎಂಜಿನ್ನಿನಲ್ಲಿ ಅದರ ಗುರುತು ಸಿಒ. ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ. ಕಟ್ಟಿಗೆಗೆ ಬೆಂಕಿಯೇ ಹತ್ತದೆ ಹಸಿಯಾಗಿ ಉಳಿದರೆ ಅದು ಎಚ್‌ಸಿ. ಅಂದರೆ ಪೆಟ್ರೋಲ್ ಉರಿಯದೆ ಹಾಗೆಯೇ ಹೊರಗೆ ಬೀಳುತ್ತಿದೆ.

ಸಿಒ ಮಾತ್ರ ಹೆಚ್ಚಿದ್ದು ಎಚ್‌ಸಿ ಸಾಧಾರಣ ಇದ್ದರೆ ಏರ್ ಫಿಲ್ಟರ್, ಚೋಕ್, ಕಾರ್ಬ್ಯುರೇಟರಿನ ಫ್ಲೋಟ್, ಸೋರುವ ಇಂಜೆಕ್ಟರ್, ಶಾಖ ಹೇಳುವ ಸೆನ್ಸರ್ ಇವುಗಳತ್ತ ನೋಡಬೇಕು. ಎಚ್‌ಸಿ ಮಾತ್ರ ಏರಿದ್ದರೆ ಕಿಡಿಯ ತೊಂದರೆ: ಪ್ಲಗ್, ಪ್ಲಗ್ ವಯರ್, ಡೆಲ್ಕೋ (ಡಿಸ್ಟ್ರಿಬ್ಯೂಟರ್) ಮುಚ್ಚಳ, ಟೈಮಿಂಗ್. ಇಲ್ಲವೇ ಎಲ್ಲೋ ಹೆಚ್ಚುವರಿ ಗಾಳಿ ನುಗ್ಗಿ ಮಿಶ್ರಣ ತೀರಾ ತೆಳುವಾಗಿ ಮಿಸ್ ಹೊಡೆಯುತ್ತಿರಬಹುದು (ಆಗಾಗ ಉರಿ ಹತ್ತದೆ ತಪ್ಪುತ್ತಿರಬಹುದು), ಅಥವಾ ಕಂಪ್ರೆಷನ್ ಇಳಿದಿರಬಹುದು. ಎರಡೂ ಹೆಚ್ಚಿದ್ದರೆ ತೀರಾ ಪೆಟ್ರೋಲ್ ಕುಡಿದು ಮಿಸ್ಸೂ ಹೊಡೆಯುತ್ತಿದೆ ಎಂದರ್ಥ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧಮಾಡುವ ಡಬ್ಬಿ) ಇರುವ ಕಾರಿನಲ್ಲಾದರೆ ಅದು ಕೆಲಸ ನಿಲ್ಲಿಸಿರುವ ಸಾಧ್ಯತೆಯೂ ಇದೆ.

ಯಂತ್ರ ಇನ್ನೆರಡು ಅಂಕಿ ತೋರಿಸಿದರೆ ಅವನ್ನೂ ಬರೆದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಶೇ. 13ರಿಂದ 15 ಇದ್ದರೆ ಉರಿ ಚೆನ್ನಾಗಿದೆ. ಆಮ್ಲಜನಕ ಶೇ. 2ಕ್ಕಿಂತ ಮೇಲಿದ್ದರೆ ಎಂಜಿನ್ ಮಿಸ್ ಹೊಡೆಯುತ್ತಿದೆ ಅಥವಾ ಸೈಲೆನ್ಸರಿನಲ್ಲಿ ತೂತಿದೆ.

ಘಟ್ಟವೇ ನಮ್ಮ ಪರೀಕ್ಷಾ ಯಂತ್ರ

ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲ ನಮಗಿದೆ. ಎಂಜಿನ್ ಆಯಿಲ್ ಸುಡುತ್ತಿದೆಯೇ, ಸುಟ್ಟರೆ ಎಲ್ಲಿಂದ ಒಳಗೆ ಬರುತ್ತಿದೆ ಎಂಬುದನ್ನು ದೇವಿಮನೆ ಘಟ್ಟ ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತದೆ. ಅರಬೈಲಾದರೂ ಸರಿ, ಗೇರುಸೊಪ್ಪೆಯಾದರೂ ಸರಿ.

ಇಳಿಯುವಾಗ ಮೂರನೇ ಅಥವಾ ಎರಡನೇ ಗಿಯರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಬನ್ನಿ. ಆಗ ಪೆಟ್ರೋಲ್ ಎಂಜಿನ್ನಿನ ಒಳಗೆ ಎಳೆತ ಜೋರಾಗಿರುತ್ತದೆ, ವಾಲ್ವ್ ಸೀಲ್ (ವಾಲ್ವಿನ ಸುತ್ತ ಆಯಿಲ್ ತಡೆಯುವ ರಬ್ಬರ್) ಸವೆದಿದ್ದರೆ ಮೇಲಿನಿಂದ ಆಯಿಲ್ ಒಳಕ್ಕೆ ಜಿನುಗುತ್ತದೆ. ಇಳಿಜಾರು ಮುಗಿದು ಸಮತಟ್ಟಾದ ನೇರ ರಸ್ತೆ ಸಿಕ್ಕಾಗ ಆಕ್ಸಿಲರೇಟರ್ ಒತ್ತಿ, ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಹೊಗೆ ನೋಡಲು ಹೇಳಿ. ಒಂದು ಸಲ ನೀಲಿ ಹೊಗೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೂ ಅದೇ ಅರ್ಥ. ಹತ್ತುವಾಗ ಎಂಜಿನ್ ಭಾರದಲ್ಲಿದ್ದು ಉದ್ದಕ್ಕೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ. ಮೊದಲನೆಯದು ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ ಬಿಚ್ಚದೆಯೂ ಆಗುವ ಕೆಲಸ; ಎರಡನೆಯದು ಎಂಜಿನ್ ಇಳಿಸುವ ಕೆಲಸ. ಈ ವ್ಯತ್ಯಾಸ ನಿಮಗೆ ಮೊದಲೇ ಗೊತ್ತಿದ್ದರೆ ಗ್ಯಾರೇಜಿನಲ್ಲಿ ಮಾತು ಬೇರೆಯೇ ಆಗುತ್ತದೆ.

ಕಪ್ಪು ಹೊಗೆ ಇಂಧನ ಹೆಚ್ಚಾದದ್ದು. ಬಿಳಿ ಹೊಗೆಗೆ ಮಾತ್ರ ಗಾಬರಿ ಬೇಡ: ಮಳೆಗಾಲದಲ್ಲಿ, ಚಳಿಯ ಬೆಳಗಿನಲ್ಲಿ ಸಿರ್ಸಿ, ಸಿದ್ದಾಪುರದ ಯಾವ ಗಾಡಿಯೂ ಮೊದಲ ಐದು ನಿಮಿಷ ಹಬೆ ಬಿಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ತೋರಿಸಿ.

ಕಡಿಮೆ ಖರ್ಚಿನ ಕೆಲಸ ಮೊದಲು

ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿಯಿರಿ. ಬೆಳಕು ದಾಟದಿದ್ದರೆ ಬದಲಿಸಿ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿರುತ್ತದೆ. ಹುಲ್ಲು, ಅಡಿಕೆ ಸಿಪ್ಪೆ, ಗೋಣಿ ನಾರು ಎಲ್ಲವೂ ಸಿಗುತ್ತವೆ. ಹಾಗಿದ್ದರೆ ವಯರುಗಳನ್ನೂ ಒಂದೊಂದಾಗಿ ನೋಡಬೇಕು.

ನಂತರ ಆಯಿಲ್. ಇದು ನಮ್ಮ ಕಡೆಯ ಗಾಡಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವಾರಕ್ಕೆರಡು ಸಲ ಸೊಸೈಟಿಗೆ, ಒಮ್ಮೆ ದೇವಸ್ಥಾನಕ್ಕೆ, ಉಳಿದ ದಿನ ಶೆಡ್ಡಿನಲ್ಲಿ. ನಾಲ್ಕೈದು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಉರಿಯದ ಪೆಟ್ರೋಲ್ ಸ್ವಲ್ಪ ಸ್ವಲ್ಪವಾಗಿ ಆಯಿಲಿಗೆ ಇಳಿಯುತ್ತದೆ. ಮುಂದೆ ಎಂಜಿನ್ ಬಿಸಿಯಾದಾಗ ಆ ಪೆಟ್ರೋಲಿನ ಆವಿ ಬ್ರೀದರ್ ಪೈಪಿನ ಮೂಲಕ ಮತ್ತೆ ಎಂಜಿನ್ನಿಗೇ ಹೋಗಿ ಸಿಒ, ಎಚ್‌ಸಿ ಎರಡನ್ನೂ ಏರಿಸುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಟೆಸ್ಟಿಗೆ ಮೊದಲೇ ಬದಲಿಸಿ. ಕಿಲೋಮೀಟರ್ ಆಗಿಲ್ಲ ಎಂದು ಎರಡು ಮಳೆಗಾಲ ಒಂದೇ ಆಯಿಲಿನಲ್ಲಿ ಕಳೆಯುವವರು ನಮ್ಮಲ್ಲಿ ಬಹಳ.

ಟ್ಯಾಂಕಿನ ಪೆಟ್ರೋಲೂ ಹಾಗೆಯೇ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನಿನಲ್ಲಿ ಹಾಕಿಸಿದ್ದನ್ನು ಸೆಪ್ಟೆಂಬರಿನವರೆಗೆ ಅರ್ಧ ಟ್ಯಾಂಕಿನಲ್ಲಿ ಇಟ್ಟುಕೊಂಡು ಟೆಸ್ಟಿಗೆ ಹೋಗಬೇಡಿ. ಹಳೆಯ ರಬ್ಬರ್ ಪೈಪುಗಳನ್ನೂ ಎಥನಾಲ್ ಬೇಗ ಬಿರುಕುಬಿಡಿಸುತ್ತದೆ. ಪೆಟ್ರೋಲ್ ಪೈಪ್ ಬೆರಳಿಗೆ ಗಟ್ಟಿಯಾಗಿಯೋ ಅಂಟಂಟಾಗಿಯೋ ತಾಗಿದರೆ ಬದಲಿಸಿ. ಅದು ಎಮಿಷನ್‌ಗಿಂತ ಮೊದಲು ಬೆಂಕಿಯ ಪ್ರಶ್ನೆ.

ಪ್ಲಗ್ ಬಿಚ್ಚಿದಾಗ ಎಸೆಯುವ ಮೊದಲು ಬಣ್ಣ ನೋಡಿ. ಸುಲಿದ ಚಾಲಿ ಅಡಿಕೆಯಂಥ ತಿಳಿಕಂದು ಇದ್ದರೆ ಉರಿ ಸರಿಯಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಪಸೆ ಇದ್ದರೆ ಆಯಿಲ್ ಬರುತ್ತಿದೆ, ಸುಣ್ಣದಂತೆ ಬಿಳಿ ಇದ್ದರೆ ಮಿಶ್ರಣ ತೆಳು. ನಾಲ್ಕರಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿದ್ದರೆ ತೊಂದರೆ ಆ ಸಿಲಿಂಡರಿನದು. ಅದಕ್ಕಾಗಿಯೇ ಯಾವುದು ಎಲ್ಲಿಂದ ಬಂತು ಎಂದು ಸಾಲಾಗಿ ಇಟ್ಟುಕೊಳ್ಳಬೇಕು. ಪ್ಲಗ್ ವಯರುಗಳನ್ನು ಪರೀಕ್ಷಿಸಲು ಕತ್ತಲಾದ ಮೇಲೆ ಬಾನೆಟ್ ತೆರೆದು ಎಂಜಿನ್ ಚಾಲೂ ಮಾಡಿ, ಕೈ ತಾಗಿಸದೆ ದೂರದಿಂದ ನೋಡಿ. ವಯರಿನಿಂದ ನೀಲಿ ಕಿಡಿ ಹಾರುವುದು ಕಂಡರೆ ಹುಡುಕಾಟ ಮುಗಿಯಿತು. ಇದನ್ನು ಅಂಗಳದಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಜೀವ ತೆಗೆಯುತ್ತದೆ.

ಕರಾವಳಿಯವರು ಸೈಲೆನ್ಸರ್ ಕೆಳಗೆ ಬಗ್ಗಿ ನೋಡಲೇಬೇಕು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಗಾಡಿಗಳನ್ನು ಎಂಜಿನ್ನಿಗಿಂತ ಮೊದಲು ತಿನ್ನುವುದು ಉಪ್ಪುಗಾಳಿ. ಸೈಲೆನ್ಸರಿಗೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ, ಏಕೆಂದರೆ ಹೊಗೆಯಲ್ಲಿರುವ ನೀರಿನಾವಿ ಸಣ್ಣ ಓಡಾಟದಲ್ಲಿ ಒಣಗದೆ ಒಳಗೇ ನಿಲ್ಲುತ್ತದೆ. ಹೊರಗಿನಿಂದ ಉಪ್ಪು, ಒಳಗಿನಿಂದ ನೀರು. ಮೇಲೆ ಬಣ್ಣ ಚೆನ್ನಾಗಿರುವಾಗಲೇ ಜಾಯಿಂಟಿನಲ್ಲಿ ಸೂಜಿಮೊನೆಯಷ್ಟು ತೂತುಗಳು ಬಿದ್ದಿರುತ್ತವೆ.

ತೂತಿದ್ದರೆ ಹೊಗೆ ಹೊರಗೆ ಹೋಗುವುದು ಮಾತ್ರವಲ್ಲ, ಐಡ್ಲಿಂಗಿನಲ್ಲಿ ಹೊರಗಿನ ಗಾಳಿಯೂ ಒಳಕ್ಕೆ ಬರುತ್ತದೆ. ಆಮ್ಲಜನಕ ಮತ್ತು ಲ್ಯಾಂಬ್ಡಾ ಏರಿ ಸ್ಟೇಜ್ 4ರ ಕಾರುಗಳು ಬೇರೆಲ್ಲ ಸರಿಯಿದ್ದೂ ಫೇಲಾಗುತ್ತವೆ. ಆ ತೂತು ಆಕ್ಸಿಜನ್ ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆಗಿದ್ದರೆ ಇನ್ನೂ ಕಷ್ಟ. ಸೆನ್ಸರ್ ಆ ಗಾಳಿಯನ್ನು ಕಂಡು ಪೆಟ್ರೋಲ್ ಸಾಲದೆಂದು ತಿಳಿಯುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ, ಸಿಒ ಏರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯಿಯನ್ನು ಒಂದೆರಡು ಕ್ಷಣ ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಇನ್ನೊಬ್ಬರು ಮುಂದಿನಿಂದ ಹಿಂದಿನವರೆಗೆ ಕಿವಿಗೊಡಬೇಕು. ಬುಸುಗುಡುವ ಸದ್ದು ಬಂದಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಕೆಳಗೆ ನುಗ್ಗಬೇಡಿ, ಗುಂಡಿಯಿರುವ ಗ್ಯಾರೇಜಿನಲ್ಲಿ ನೋಡಿಸಿ. ಸಣ್ಣ ತೂತಿಗೆ ಗ್ಯಾಸ್ ವೆಲ್ಡಿಂಗ್ ಸಾಕು. ತಗಡೇ ಪುಡಿಯಾಗುತ್ತಿದ್ದರೆ ವೆಲ್ಡಿಂಗ್ ಎರಡು ತಿಂಗಳೂ ನಿಲ್ಲದು, ಆ ಭಾಗ ಬದಲಿಸುವುದೇ ಮೇಲು. ಪೈಪಿನ ಕೊನೆ ತುಕ್ಕು ಹಿಡಿದು ಮುರಿದಿದ್ದರೆ ಅದನ್ನೂ ಸರಿಮಾಡಿಸಿ: ಟೆಸ್ಟಿನ ನಳಿಕೆ ಸುಮಾರು 300 ಮಿಲಿಮೀಟರ್, ಅಂದರೆ ಒಂದು ಅಡಿ ಒಳಗೆ ಹೋಗಬೇಕು.

ಕಾರ್ಬ್ಯುರೇಟರ್ ಕಾಲದವು

ಹಳೆಯ ಮಾರುತಿ 800, ಆಮ್ನಿ, ಪದ್ಮಿನಿ, ಅಂಬಾಸಿಡರ್ ಇವುಗಳಿಗೆ ಮಿತಿ ಸಡಿಲ, ಕೆಲಸವೂ ಕಣ್ಣಿಗೆ ಕಾಣುವಂಥದ್ದು. ಸರಿಯಾಗಿ ಟ್ಯೂನ್ ಆದ ಕಾರ್ಬ್ಯುರೇಟರ್ ಶೇ. 3ರ ಒಳಗೆ ಆರಾಮವಾಗಿ ಬರುತ್ತದೆ. ಚೋಕ್ ಪೂರ್ತಿ ತೆರೆಯುತ್ತಿದೆಯೇ ಎಂದು ಕಣ್ಣಾರೆ ನೋಡಿ. ಕೇಬಲ್ ಹಿಡಿದುಕೊಂಡು ಅರ್ಧ ಮುಚ್ಚಿದಂತೆ ಉಳಿಯುವುದು ಬಹಳ. ಕ್ರಮ ತಪ್ಪಬೇಡಿ: ಟ್ಯಾಪೆಟ್, ಪಾಯಿಂಟ್, ಟೈಮಿಂಗ್ ಆದ ಮೇಲೆಯೇ ಮಿಕ್ಸ್ಚರ್ ಸ್ಕ್ರೂ. ಎಂಜಿನ್ ಬಿಸಿ ಇರುವಾಗ, ಸಾಧ್ಯವಾದರೆ ಟೆಸ್ಟ್ ಯಂತ್ರದ ನಳಿಕೆ ಒಳಗಿರುವಾಗಲೇ ಆ ಸ್ಕ್ರೂ ತಿರುಗಿಸಿಸಿ. ಅಂಕಿ ಎದುರಿಗೇ ಇರುವುದರಿಂದ ಕೆಲಸ ಹತ್ತು ನಿಮಿಷದ್ದು.

ಟೆಸ್ಟಿಗಾಗಿ ಮಾತ್ರ ಸ್ಕ್ರೂ ಪೂರ್ತಿ ಬಿಗಿಮಾಡಿ, ಆಮೇಲೆ ಮೊದಲಿನಂತೆ ಬಿಡುವ ರೂಢಿ ಇದೆ. ಸಿಒ ಇಳಿಯುತ್ತದೆ ನಿಜ, ಆದರೆ ಮಿಶ್ರಣ ತೆಳುವಾಗಿ ಮಿಸ್ ಹೊಡೆದು ಎಚ್‌ಸಿ ಏರುತ್ತದೆ. ಹಾಗೆಯೇ ಬಿಟ್ಟು ಘಟ್ಟ ಹತ್ತಿದರೆ ವಾಲ್ವ್ ಸುಡುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್ ಗಾಡಿಯ ಮಿಶ್ರಣವನ್ನು ಮೊದಲೇ ತೆಳುಮಾಡಿರುತ್ತದೆ ಎಂಬುದೂ ನೆನಪಿರಲಿ.

ಎಂಪಿಎಫ್‌ಐ ಕಾರುಗಳು, ಮತ್ತು ನಮ್ಮ ಕಾರಿನ 1.8

ಕಂಪ್ಯೂಟರ್ ಅಳೆದು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಕಾರುಗಳಿವು. ಈಗ ನವೆಂಬರಿನ ಕತೆ. ಸಿಒ 1.8, ಎಚ್‌ಸಿ 310. ಮೇಲೆ ಹೇಳಿದಂತೆ ಸಿಒ ಮಾತ್ರ ಹೆಚ್ಚು, ಅಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಫಿಲ್ಟರ್ ಹೊಸದು, ಪ್ಲಗ್ಗಿನ ಮೇಲೆ ಒಣ ಮಸಿ. ಆಕ್ಸಿಜನ್ ಸೆನ್ಸರ್ ಹೋಗಿರಬೇಕು, ಬದಲಿಸೋಣ ಎಂದರು ಒಂದು ಕಡೆ. ಕುಮಟಾದಲ್ಲಿ ನಮಗೆ ಬಹುಕಾಲದ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಚೀಟಿ ನೋಡಿದವರು ಬಾನೆಟ್ ತೆರೆಯುವ ಮೊದಲೇ ಕೇಳಿದರು: "ಹೆಗಡೇರೇ, ಟೆಂಪರೇಚರ್ ಮುಳ್ಳು ಎಲ್ಲಿವರೆಗೆ ಏರ್ತದೆ?"

ಯೋಚಿಸಿದೆ. ಕಾಲುಭಾಗ ದಾಟಿದ್ದನ್ನು ಇತ್ತೀಚೆಗೆ ನೋಡಿಯೇ ಇರಲಿಲ್ಲ. ಎಂಜಿನ್ ತಂಪಾಗಿದೆ, ಒಳ್ಳೆಯದೇ ಅಂದುಕೊಂಡಿದ್ದೆ.

ಬಿಚ್ಚಿದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಇರಲೇ ಇಲ್ಲ. ಬೇಸಿಗೆಯಲ್ಲಿ ಬೇರೊಂದು ಕಡೆ ರೇಡಿಯೇಟರ್ ಕೆಲಸ ಮಾಡಿಸಿದಾಗ ಅದನ್ನು ತೆಗೆದುಹಾಕಿದ್ದರು. ನಮ್ಮ ಸೆಕೆಗೆ ಅದು ಬೇಡ ಎಂಬ ನಂಬಿಕೆ ಎಷ್ಟೋ ಗ್ಯಾರೇಜುಗಳಲ್ಲಿದೆ. ಕಾರ್ಬ್ಯುರೇಟರ್ ಗಾಡಿಗೆ ಅದು ನಡೆದುಹೋಗುತ್ತಿತ್ತು. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ ಮಾತ್ರ ನೀರಿನ ಶಾಖ ನೋಡಿ ಪೆಟ್ರೋಲ್ ಅಳೆಯುತ್ತದೆ. ನೀರು ಸದಾ ತಣ್ಣಗಿದ್ದರೆ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದು ತಿಳಿದು ಹೆಚ್ಚು ಹಾಕುತ್ತಲೇ ಇರುತ್ತದೆ. ಚೋಕ್ ಎಳೆದುಕೊಂಡೇ ಆರು ತಿಂಗಳು ಓಡಿಸಿದಂತೆ. ಥರ್ಮೋಸ್ಟಾಟ್ ಹಾಕಿ, ಕೂಲೆಂಟ್ ತುಂಬಿ, ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಸಿ ಮತ್ತೆ ಟೆಸ್ಟ್ ಮಾಡಿಸಿದಾಗ ಸಿಒ 0.2, ಎಚ್‌ಸಿ 120. ಮೈಲೇಜೂ ಮರಳಿ ಬಂತು. ಅವತ್ತು ಪಕ್ಕದ ಗಾಡಿಯ ಹೊಗೆಯಲ್ಲಿ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಆ ಮಸಿ ಸ್ವಲ್ಪ ಸ್ವಲ್ಪವಾಗಿ ಕನ್ವರ್ಟರನ್ನೂ ತಿನ್ನುತ್ತಿತ್ತು.

ಆದ್ದರಿಂದ ಈ ಕಾರುಗಳಲ್ಲಿ ನೋಡುವ ಕ್ರಮ ಹೀಗಿರಲಿ: ಮೊದಲು ಮುಳ್ಳು ನಡುವಿಗೆ ಬರುತ್ತದೆಯೇ, ನಂತರ ಚೆಕ್ ಎಂಜಿನ್ ದೀಪ ಉರಿಯುತ್ತಿದೆಯೇ, ಉರಿದರೆ ಸ್ಕ್ಯಾನರ್ ಹಾಕಿಸಿ ಏನು ಹೇಳುತ್ತದೆ, ಆಮೇಲೆ ಥ್ರಾಟಲ್ ಬಾಡಿ ಸ್ವಚ್ಛತೆ, ವ್ಯಾಕ್ಯೂಮ್ ಪೈಪುಗಳ ಬಿರುಕು, ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್. ಕನ್ವರ್ಟರ್ ಕಟ್ಟಕಡೆಗೆ. ಅದು ಸಾಮಾನ್ಯವಾಗಿ ತಾನಾಗಿ ಸಾಯುವುದಿಲ್ಲ. ಮಿಸ್ ಹೊಡೆಯುವ ಎಂಜಿನ್ನಿನ ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಕರಗಿಸುತ್ತದೆ, ಅಥವಾ ಸುಟ್ಟ ಆಯಿಲ್ ಅದನ್ನು ಮುಚ್ಚುತ್ತದೆ. ಮೂಲ ಕಾರಣ ಹಾಗೆಯೇ ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಅದಕ್ಕೂ ಅದೇ ಗತಿ. ಇನ್ನು ಕೆಲವರು ಅದನ್ನು ಬಿಚ್ಚಿ ಬರೀ ಪೈಪ್ ಹಾಕಿಸುತ್ತಾರೆ. 0.5ರ ಒಳಗೆ ಬರಬೇಕಾದ ಕಾರಿಗೆ ಆಮೇಲೆ ಪ್ರತಿ ಆರು ತಿಂಗಳಿಗೂ ಕಷ್ಟ.

ಡೀಸೆಲ್ ಗಾಡಿ

ಅಂಕೋಲೆಯ ಭಾವನ ಮನೆಯಲ್ಲಿ ಹಳೆಯ ಡೀಸೆಲ್ ಜೀಪಿದೆ. ಅವರಿಂದ ಕಲಿತದ್ದು ಇದು. ಡೀಸೆಲ್ ಟೆಸ್ಟಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಲೇ ತುದಿಯವರೆಗೆ ಒತ್ತಿ ಬಿಡುತ್ತಾರೆ, ಹೀಗೆ ಹಲವು ಸಲ. ಹಾಗಾಗಿ ಟೆಸ್ಟಿಗೆ ಹೋಗುವ ಮೊದಲು ಎರಡು ವಿಷಯ ಖಾತ್ರಿಯಾಗಬೇಕು: ಆಯಿಲ್ ಮಟ್ಟ ಸರಿಯಿರಬೇಕು, ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಬದಲಿಸುವ ಅವಧಿ ಮೀರಿರಬಾರದು. ಮುಪ್ಪಾದ ಬೆಲ್ಟ್ ಆ ಹೊಡೆತಕ್ಕೆ ತುಂಡಾದರೆ ಎಂಜಿನ್ನೇ ಹೋಯಿತು.

ಕಪ್ಪು ಹೊಗೆಗೆ ನಮ್ಮ ಕಡೆ ಒಂದು ದೊಡ್ಡ ಕಾರಣ ಪಂಪಿನ ಸ್ಕ್ರೂ. ಘಟ್ಟ ಹತ್ತಲು ಪಿಕಪ್ ಸಾಲದು ಎಂದು ಸೀಲ್ ಒಡೆದು ಡೀಸೆಲ್ ಹೆಚ್ಚು ಬಿಡಿಸಿರುತ್ತಾರೆ. ಆ ಹೆಚ್ಚುವರಿ ಡೀಸೆಲ್ ಹೊಗೆಯಾಗುತ್ತದೆಯೇ ಹೊರತು ಶಕ್ತಿಯಾಗುವುದು ಸ್ವಲ್ಪ ಮಾತ್ರ. ಪಂಪ್, ನೋಝಲ್ ಕೆಲಸ ಮಾಡುವ ಕಡೆ ಬೆಂಚಿನ ಮೇಲೆ ಇಟ್ಟು ಕ್ಯಾಲಿಬ್ರೇಷನ್ ಮಾಡಿಸಿ. ನೋಝಲ್ ಮಂಜಿನಂತೆ ಸಿಂಪಡಿಸಬೇಕು, ಹನಿ ಬೀಳಿಸಬಾರದು. ಅದನ್ನು ನಿಮ್ಮೆದುರೇ ತೋರಿಸಲು ಹೇಳಿ. ಹಳೆಯ ಜೀಪುಗಳಲ್ಲಿ ಏರ್ ಫಿಲ್ಟರ್ ಎಣ್ಣೆಬಟ್ಟಲಿನದು. ಎಣ್ಣೆಯನ್ನು ಗುರುತಿನವರೆಗೆ ಮಾತ್ರ ಹಾಕಬೇಕು, ಹೆಚ್ಚಾದರೆ ಎಂಜಿನ್ ಅದನ್ನೂ ಎಳೆದು ಸುಡುತ್ತದೆ. ಟರ್ಬೋ ಇರುವ ಗಾಡಿಯಲ್ಲಿ ಗಾಳಿಯ ರಬ್ಬರ್ ಪೈಪ್ ಸೀಳಿದ್ದರೂ, ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವುದು) ಮಸಿಯಿಂದ ತೆರೆದೇ ಉಳಿದಿದ್ದರೂ ಹೊಗೆ ದಟ್ಟವಾಗುತ್ತದೆ.

ಊರೊಳಗೇ ಓಡುವ ಡೀಸೆಲ್ಲಿನ ಸೈಲೆನ್ಸರಿನಲ್ಲಿ ಮಸಿ ಕೂತಿರುತ್ತದೆ. ಟೆಸ್ಟಿನ ಮೊದಲ ಒತ್ತಿಗೆ ಅದೆಲ್ಲ ಹೊರಬಿದ್ದು ಅಂಕಿ ಏರುತ್ತದೆ. ಟೆಸ್ಟಿಗೆ ಮೊದಲು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರ್ ಒಂದು ಗಿಯರ್ ಕಡಿಮೆಯಲ್ಲಿ ಓಡಿಸಿಕೊಂಡು ಬನ್ನಿ, ಸಾಕು.

ಟೆಸ್ಟಿನ ದಿನ

ನೀರು ಹತ್ತು ನಿಮಿಷಕ್ಕೆ ಬಿಸಿಯಾಗುತ್ತದೆ. ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕನ್ವರ್ಟರ್ ಕೆಲಸ ಶುರುಮಾಡುವುದು ಸುಮಾರು 300 ಡಿಗ್ರಿ ಶಾಖದಲ್ಲಿ. ಪೇಟೆಯಲ್ಲೇ ಮನೆಯಿರುವವರು ಬನವಾಸಿ ರಸ್ತೆಯಲ್ಲೋ ಹುಬ್ಬಳ್ಳಿ ರಸ್ತೆಯಲ್ಲೋ ಒಂದು ಸುತ್ತು ಹೋಗಿ ಬರಬೇಕು. ಮನೆಯಿಂದ ನೇರ ಕೇಂದ್ರಕ್ಕೆ ಹೋಗಬೇಡಿ. ಸಿರ್ಸಿಯಿಂದ ಕುಮಟೆಗೆ ಇಳಿದು ಟೆಸ್ಟ್ ಮಾಡಿಸುವವರು ಘಟ್ಟ ಇಳಿದ ಕೂಡಲೇ ಪೈಪ್ ಹಾಕಿಸಬೇಡಿ. ಇಳಿಜಾರಿನಲ್ಲಿ ಎಂಜಿನ್ ದುಡಿದಿರುವುದಿಲ್ಲ, ಕನ್ವರ್ಟರ್ ತಣ್ಣಗಾಗಿರುತ್ತದೆ, ವಾಲ್ವ್ ಸೀಲಿನಿಂದ ಇಳಿದ ಆಯಿಲ್ ಒಳಗಿರುತ್ತದೆ. ಕತಗಾಲ ದಾಟಿ ಸಮತಟ್ಟಾದ ರಸ್ತೆಯಲ್ಲಿ ಒಳ್ಳೆಯ ವೇಗದಲ್ಲಿ ಓಡಿಸಿ ಹೋಗಿ.

ಸರದಿಯಲ್ಲಿ ಎಂಜಿನ್ ಬಂದ್ ಮಾಡಿ ಅರ್ಧ ಗಂಟೆ ಕಾದಿದ್ದರೆ, ನಿಮ್ಮ ಪಾಳಿಗೆ ಮೊದಲು ನ್ಯೂಟ್ರಲ್‌ನಲ್ಲಿ ಎರಡು ಮೂರು ನಿಮಿಷ 2500 ಆರ್‌ಪಿಎಂ ಆಸುಪಾಸು ಹಿಡಿಯಿರಿ. ಎಸಿ, ದೀಪ, ಫ್ಯಾನ್ ಎಲ್ಲ ಬಂದ್ ಇರಲಿ, ಚೋಕ್ ಒಳಗಿರಲಿ. ನಳಿಕೆ ಸರಿಯಾಗಿ ಒಳಗೆ ಹೋಗಿದೆಯೇ ನೋಡಿ. ಅಂಕಿ ನೆಲೆನಿಲ್ಲಲು ಸ್ವಲ್ಪ ಹೊತ್ತು ಬೇಕು. ಬಾಯಲ್ಲೇ ಇಟ್ಟು ತೆಗೆದ ನಳಿಕೆಯ ಅಂಕಿ ಚೆನ್ನಾಗಿ ಕಂಡರೂ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಆರ್‌ಸಿ ಮತ್ತು ನೋಂದಣಿಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ. ಸರ್ಟಿಫಿಕೇಟ್ ಈಗ ಸರ್ಕಾರದ ಆನ್‌ಲೈನ್ ‘ವಾಹನ್’ ದಾಖಲೆಗೆ ಸೇರುವುದರಿಂದ ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಾರೆ. ಪ್ಲೇಟಿನ ಕೆಸರು ಒರೆಸಿಕೊಂಡು ಹೋಗಿ. ಎಲ್‌ಪಿಜಿ ಕಿಟ್ ಇರುವ ಆಮ್ನಿಯಾದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಚೀಟಿ ಕೈಗೆ ಬಂದ ಮೇಲೆ ಇಂಧನ, ಸ್ಟೇಜ್, ನಂಬರ್ ಸರಿಯಿವೆಯೇ ಎಂದು ಅಲ್ಲೇ ನಿಂತು ಓದಿ.

ಹದಿನೈದು ವರ್ಷ ತುಂಬಿದ್ದರೆ

ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಫಾರ್ಮ್ 25. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಅರ್ಜಿ ಹಾಕಬಹುದು. ಕೆಎ-30 ಕಾರವಾರ, ಕೆಎ-31 ಸಿರ್ಸಿ, ಕೆಎ-47 ಹೊನ್ನಾವರ, ಕೆಎ-65 ದಾಂಡೇಲಿ: ನಿಮ್ಮ ಆರ್‌ಟಿಒ ಕಚೇರಿಗೆ ಗಾಡಿಯನ್ನು ಒಯ್ದು ತೋರಿಸಬೇಕು. 2022ರ ಏಪ್ರಿಲಿನಿಂದ ಕಾರಿಗೆ ನವೀಕರಣ ಶುಲ್ಕ 5,000 ರೂಪಾಯಿ, 2025ರ ಆಗಸ್ಟಿನ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಗಿದೆ. ಹಸಿರು ತೆರಿಗೆ ಬೇರೆ. ತಡಮಾಡಿದರೆ ತಿಂಗಳ ಲೆಕ್ಕದಲ್ಲಿ ಹೆಚ್ಚುವರಿ. ಚಾಲ್ತಿಯಲ್ಲಿರುವ ಎಮಿಷನ್ ಸರ್ಟಿಫಿಕೇಟ್ ಮತ್ತು ಇನ್ಶೂರೆನ್ಸ್ ಇಲ್ಲದೆ ಈ ಕೆಲಸ ಮುಂದಕ್ಕೆ ಹೋಗದು. ಉಪ್ಪುಗಾಳಿಯ ಊರಿನವರು ಚಾಸಿಸ್ ನಂಬರ್ ಇರುವ ಜಾಗವನ್ನು ಮೊದಲೇ ಮೆತ್ತಗೆ ಒರೆಸಿ, ಅಕ್ಷರ ಓದಲು ಬರುತ್ತವೆಯೇ ನೋಡಿಟ್ಟುಕೊಳ್ಳಿ. ತುಕ್ಕು ಕೆರೆಯಲು ಹೋಗಿ ಅಕ್ಷರವನ್ನೇ ಕೆರೆದುಬಿಡಬೇಡಿ.

ಇಷ್ಟು ಹಣ ಹಾಕುವ ಮೊದಲು ಗಾಡಿ ಇನ್ನೈದು ವರ್ಷ ಬರುತ್ತದೆಯೇ ಎಂದು ತೀರ್ಮಾನಿಸಲು ಹಿಂದಿನ ಚೀಟಿಗಳು ಬೇಕು. ನಾನು ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟಿದ್ದೇನೆ: ತಾರೀಕು, ಕಿಲೋಮೀಟರ್, ಸಿಒ, ಎಚ್‌ಸಿ, ಆ ಆರು ತಿಂಗಳಲ್ಲಿ ಬದಲಿಸಿದ್ದು. ಎಚ್‌ಸಿ ಪ್ರತಿ ಸಲ ಸ್ವಲ್ಪ ಸ್ವಲ್ಪ ಏರುತ್ತಾ ಆಯಿಲೂ ಕಡಿಮೆಯಾಗುತ್ತಿದ್ದರೆ ಎಂಜಿನ್ ಕೆಲಸ ಹತ್ತಿರ ಬಂದಿದೆ ಎಂದು ಮಿತಿ ದಾಟುವ ಮೊದಲೇ ಗೊತ್ತಾಗುತ್ತದೆ.

ಆರು ತಿಂಗಳ ಗಾಡಿಯವರು ತಾರೀಕನ್ನು ಮೇ ಮತ್ತು ನವೆಂಬರಿಗೆ ಹೊಂದಿಸಿಕೊಳ್ಳಿ. ಒಂದು ಸಲ ಬೇಗ ಮಾಡಿಸಿದರೆ ಮುಂದೆ ತಾನಾಗಿ ಹಾಗೇ ನಡೆಯುತ್ತದೆ. ವಯರುಗಳು ಒದ್ದೆಯಾಗಿ, ಘಟ್ಟ ಕುಸಿದು ರಸ್ತೆ ಬಂದಾಗುವ ಜುಲೈ, ಆಗಸ್ಟಿನಲ್ಲಿ ಟೆಸ್ಟಿಗಾಗಿ ಓಡಾಡುವ ಪ್ರಸಂಗ ಬರುವುದಿಲ್ಲ.